ಬಿಳೆಹಾಳದ ಮುಂದೆ ನಿಂತು ಹೋದ ದೋಣಿ

ಸವದತ್ತಿ
೧೨ ಜನವರಿ ೨೦೨೫

ಪ್ರೀತಿಯ ದುರ್ಗಾ,

ಅಕ್ಷರದ ಗುರುತು ಹತ್ತಿದ ಕೂಡಲೇ ಇದನ್ನು ಮಡಚಿ ಇಡಬೇಡ. ಕೆಲಸದ ವಿಷಯವಿದೆ, ಅಷ್ಟನ್ನಾದರೂ ಓದು. ನಿನ್ನ ಫೋನಿಗೆ ಹಚ್ಚಿದರೆ ಒಂದೇ ಒಂದು ರಿಂಗಾಗಿ ನಿಂತುಬಿಡುತ್ತದೆ. ಹಾಗೇಕೆ ನಿಲ್ಲುತ್ತದೆ ಎಂದು ನನಗೆ ಗೊತ್ತಾಗಿ ಐದು ವರ್ಷವಾಯಿತು. ಅದಕ್ಕೇ ನೀನು ಕೆಲಸ ಮಾಡುವ ಆಸ್ಪತ್ರೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಾನೀಗ ಸವದತ್ತಿಯಲ್ಲಿ ಕಂದಾಯ ನಿರೀಕ್ಷಕಿ. ಈ ಮಳೆಗಾಲಕ್ಕೆ ಮೊದಲು ಮಲಪ್ರಭೆಯ ಎರಡೂ ದಂಡೆಯ ಹಳ್ಳಿಗಳಲ್ಲಿ ನೆರೆಯ ತಾಲೀಮು ನಡೆಸಬೇಕೆಂದು ಆಗಿದೆ. ಮನೋಳಿಯಿಂದ ಹಿಡಿದು ಕೆಳಗೆ ರಾಮದುರ್ಗ ತಾಲೂಕಿನ ನಮ್ಮ ಬಿಳೆಹಾಳದವರೆಗೆ. ಸೇನೆಯ ದೋಣಿ ತಂಡ, ಅಗ್ನಿಶಾಮಕದವರು, ವಿಪತ್ತು ಪಡೆಯವರು, ಗೃಹರಕ್ಷಕರು, ನಾವು. ಎಲ್ಲರದೂ ಬೇರೆ ಬೇರೆ ಕಾಗದ, ಬೇರೆ ಬೇರೆ ಭಾಷೆ. ನಡುವೆ ಕುಳಿತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸವನ್ನು ನನಗೇ ಕೊಟ್ಟಿದ್ದಾರೆ. 'ಹಿಂದೊಮ್ಮೆ ಮಾಡೀರಲ್ರಿ ಮೇಡಂ, ಅನುಭವ ಐತಿ' ಎಂದರು. ಹೂಂ ಎಂದೆ.

ಸೇನೆಯವರು ಮೊದಲು ಕೇಳುವುದು ಒಂದೇ: ಯಾವ ಮನೆಯಲ್ಲಿ ಹೊತ್ತುಕೊಂಡು ಬರಬೇಕಾದವರು ಇದ್ದಾರೆ? ಮುದುಕರು, ಬಸುರಿಯರು, ಹಾಸಿಗೆ ಹಿಡಿದವರು. ಊರಿನ ಪಟ್ಟಿ ಪಂಚಾಯಿತಿಯಿಂದ ಬಂದಿದೆ. ಹಳ್ಳದಾಚೆಯ ನಿಮ್ಮ ಓಣಿಯದು ನನ್ನ ಬಳಿ ಇಲ್ಲ. ನಮ್ಮ ಸೋದರಮಾವ ಬಸಲಿಂಗಪ್ಪನನ್ನು ಕೇಳಿದ್ದರೆ ಒಂದು ತಾಸಿನಲ್ಲಿ ಬರೆಸಿ ಕಳಿಸುತ್ತಿದ್ದ. ಕೇಳಲಿಲ್ಲ. ನೀನೇ ಬರೆದುಕೊಡಬೇಕು ಎನ್ನಿಸಿತು.

ಶೆಟ್ಟೆವ್ವ ಕಾಕಿ ಹೇಗಿದ್ದಾಳೆ? ಮಂಡಿನೋವು ಇನ್ನೂ ಇದೆಯೇ? ಉತ್ತರ ಬರೆಯುವುದಾದರೆ ಇದೊಂದು ಸಾಲನ್ನೂ ಬರೆ.

ನಿನ್ನ
ಮೀನಾ


ಬೈಲಹೊಂಗಲ
೩ ಫೆಬ್ರುವರಿ ೨೦೨೫

ಶ್ರೀಮತಿ ಮೀನಾ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಕೇಳಿದ ಮಾಹಿತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ನಮ್ಮ ಓಣಿಯಲ್ಲಿ ಮೂವತ್ತನಾಲ್ಕು ಮನೆಗಳು, ನೂರಾ ಐವತ್ತೊಂದು ಜನ. ಕಳೆದ ರವಿವಾರ ರಜೆ ಹಾಕಿ ಊರಿಗೆ ಹೋಗಿ ಮನೆ ಮನೆ ತಿರುಗಿ ಬರೆದುಕೊಂಡಿದ್ದೇನೆ. ಹೊತ್ತು ತರಬೇಕಾದವರು ಐದು ಜನ. ಮುಖ್ಯವಾಗಿ ತಾಯವ್ವ, ಕಣ್ಣು ಪೂರ್ತಿ ಹೋಗಿವೆ, ಅಪರಿಚಿತರು ಮುಟ್ಟಿದರೆ ಹೊಡೆಯುತ್ತಾಳೆ, ಹೆಸರು ಹಿಡಿದು ಕರೆದು ಆಮೇಲೆ ಎತ್ತಬೇಕು. ಲಕ್ಕಪ್ಪ, ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬು ಕಡಿಯಲು ಹೋದಾಗ ಟ್ರ್ಯಾಕ್ಟರಿಗೆ ಸಿಕ್ಕು ಎಡಗಾಲು ಇಲ್ಲ. ಪದ್ಮವ್ವನಿಗೆ ಅವಳಿ ಕೂಸುಗಳು, ಮೂರು ತಿಂಗಳು. ಉಳಿದದ್ದು ಹಾಳೆಯಲ್ಲಿದೆ.

ಒಂದು ತಿದ್ದುಪಡಿ. ನಿಮ್ಮ ಕಾಗದಗಳಲ್ಲಿ 'ಬಿಳೆಹಾಳ' ಎಂದು ಒಂದೇ ಹೆಸರು ಬರೆಯಬೇಡಿ. 'ಬಿಳೆಹಾಳ ಊರು', 'ಬಿಳೆಹಾಳ ಹಳ್ಳದಾಚೆಯ ಓಣಿ' ಎಂದು ಎರಡು ಸಾಲು ಬರೆಯಿರಿ. ಹಳ್ಳಕ್ಕೆ ನೀರು ಬಂದರೆ ಅವು ಎರಡು ಊರು. ನೀರು ಬರದಿದ್ದಾಗಲೂ ಹಾಗೆಯೇ ಎಂಬುದು ನಿಮಗೆ ಗೊತ್ತಿರುವ ವಿಷಯ.

ಇನ್ನೊಂದು ವಿನಂತಿ. ತಾಲೀಮಿಗೆ ಸೇನೆಯವರು ಬರಲಿ, ಬೇಡ ಎನ್ನುವುದಿಲ್ಲ. ಆದರೆ ೨೦೧೯ರ ನೆರೆಯಲ್ಲಿ ಬಂದಿದ್ದ ಸುಬೇದಾರ ಶ್ರೀಶೈಲ ಬರಕೂಡದು. ಆಗಸ್ಟ್ ಎಂಟರಂದು ಸಮುದಾಯ ಭವನದ ಮಾಳಿಗೆಯ ಮೇಲೆ ನಮ್ಮವರು ಹತ್ತು ಜನ ನಿಂತು ಕೈಬೀಸಿದರು. ಅವನು ನೋಡಿದ. ದೋಣಿ ನಿಲ್ಲಿಸಿದ. ಆಮೇಲೆ ಮೂತಿ ತಿರುಗಿಸಿಕೊಂಡು ಹೋದ. ಸೆಳವು ಹೆಚ್ಚಿತ್ತು, ದೋಣಿ ತಲುಪಲಿಲ್ಲ ಎಂದು ಆಮೇಲೆ ವರದಿಯಲ್ಲಿ ಬಂತು. ಅದೇ ಸೆಳವಿನಲ್ಲಿ ಸಂಜೆ ಐದಕ್ಕೆ ಹೇಗೆ ಬಂದನೋ. ಅಷ್ಟರಲ್ಲಿ ನಮ್ಮಪ್ಪನೂ ಓಣಿಯ ಬಾಯವ್ವಜ್ಜಿಯೂ ನೀರುಪಾಲಾಗಿದ್ದರು. ಎಲ್ಲಿಯೋ ಪಂಜಾಬಿನವನಾಗಿದ್ದರೆ ನಮ್ಮ ಜನ ಇಷ್ಟು ಉರಿಯುತ್ತಿರಲಿಲ್ಲ. ಕಿತ್ತೂರು ಕಡೆಯವನು, ನಮ್ಮ ಮಾತೇ ಆಡುವವನು.

ಅವ್ವನಿಗೆ ಮಂಡಿನೋವು ಇದೆ. ಇಲ್ಲಿ ನನ್ನ ಹತ್ತಿರ ನಿಲ್ಲುವುದಿಲ್ಲ, ಓಣಿಯಲ್ಲಿಯೇ ಇರುತ್ತಾಳೆ.

ಇತಿ,
ದುರ್ಗಾ ಶಟ್ಟೆಪ್ಪ
ಶುಶ್ರೂಷಕಿ


ಸವದತ್ತಿ
೧೦ ಮಾರ್ಚ್ ೨೦೨೫

ದುರ್ಗಾ,

ಹಾಳೆ ಮುಟ್ಟಿತು. ತಾಯವ್ವನನ್ನು ಹೆಸರು ಹಿಡಿದು ಕರೆಯಬೇಕು ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ನೀನು ಹೇಳಿದಂತೆ ಎರಡು ಸಾಲನ್ನೂ ಮಾಡಿದ್ದೇನೆ. 'ನೀವು' ಎಂದು ಬರೆದದ್ದನ್ನು ಮಾತ್ರ ಎಷ್ಟು ಸಲ ಓದಿದೆನೋ.

ಕಳೆದ ವಾರ ಎಲ್ಲ ಇಲಾಖೆಗಳ ಸಭೆ ಇತ್ತು. ಸೇನೆಯಿಂದ ಒಬ್ಬ ಕ್ಯಾಪ್ಟನ್ ಬಂದಿದ್ದರು, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು, ಬಹಳ ಸಮಾಧಾನದ ಮನುಷ್ಯ. ೨೦೧೯ರ ನೆರೆಯಲ್ಲಿ ಅವರ ತಂಡ ಬರೆದಿಟ್ಟ ದಿನಚರಿಯ ಪ್ರತಿ ತಂದಿದ್ದರು. ಅವರಲ್ಲಿ ನಿಮಿಷ ನಿಮಿಷಕ್ಕೆ ಬರೆದಿಡುವ ಪದ್ಧತಿ. 'ಬಿಳೆಹಾಳದ ವಿಷಯದಲ್ಲಿ ನಮ್ಮ ಪುಸ್ತಕಕ್ಕೂ ನಿಮ್ಮ ವರದಿಗೂ ಹೊಂದಾಣಿಕೆ ಆಗುತ್ತಿಲ್ಲ, ಯಾವುದು ಸರಿ?' ಎಂದು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಹಳೆಯ ಕಡತ ನೋಡಿ ಹೇಳುತ್ತೇನೆ ಎಂದೆ. ನೋಡಬೇಕಾದ ಕಡತ ಯಾವುದೂ ಇರಲಿಲ್ಲ.

ನಿನಗೆ ಹೇಳಬೇಕಾದದ್ದು ಇದೆ. ಐದು ವರ್ಷ ಹೇಳದೇ ಉಳಿದೆ.

ಸೇನೆ ತಾನಾಗಿ ಬರುವುದಿಲ್ಲ ದುರ್ಗಾ. ಆಡಳಿತ ಬರೆದು ಕೇಳಿದರೆ ಬರುತ್ತದೆ. ಬಂದ ಮೇಲೂ ಎಲ್ಲಿಗೆ ಹೋಗಬೇಕೆಂದು ಹೇಳುವವರು ನಾವು. ಹೇಗೆ ಹೋಗಬೇಕೆಂಬುದಷ್ಟೇ ಅವರದು. ಅಂದು ನಿಯಂತ್ರಣ ಕೊಠಡಿಯಲ್ಲಿ ಆ ಚೀಟಿಗಳನ್ನು ಬರೆಯುತ್ತಿದ್ದವಳು ನಾನು. ದೋಣಿ ಇದ್ದದ್ದು ಒಂದು. ಇನ್ನೆರಡು ದಾರಿಯಲ್ಲಿದ್ದವು.

ನೀನು ಹತ್ತೂ ಮುಕ್ಕಾಲಿಗೆ ಫೋನ್ ಮಾಡಿದೆ. 'ನಮ್ಮಪ್ಪ, ಅವ್ವ, ಓಣಿಯವರು ಭವನದಾಗ ಅದಾರ, ಬೋಟ್ ಕಳಸ' ಎಂದೆ. ಕಳಿಸುತ್ತೇನೆ ಎಂದೆ. ಚೀಟಿಯನ್ನೂ ಬರೆದೆ, ಸುಳ್ಳಲ್ಲ. ಹನ್ನೊಂದೂವರೆಗೆ ಮಾವನ ಫೋನ್ ಬಂತು. 'ಊರೆಲ್ಲಾ ಸಾಲ್ಯಾಗ ಬಂದ ಕುಂತೈತಿ ಮೀನಾ, ಒಂದ ನರಪಿಳ್ಳಿ ಹಿಂದ ಉಳದಿಲ್ಲ. ಇಲ್ಲಿ ಬೋಟ್ ಬ್ಯಾಡ, ಬ್ಯಾರೆ ಕಡೆ ಕಳಸು' ಎಂದ. ಅದೇ ಹೊತ್ತಿಗೆ ಕೆಳಗಿನ ತೋಟದ ವಸತಿಯಿಂದ ಸುದ್ದಿ ಬಂತು: ನಾಲ್ವತ್ತೊಂದು ಜನ ಸಿಕ್ಕಿಬಿದ್ದಿದ್ದಾರೆ, ಒಬ್ಬಳಿಗೆ ಹೆರಿಗೆ ಬೇನೆ. ನಿನ್ನ ಹೆಸರಿನಲ್ಲಿ ಬರೆದ ಚೀಟಿಯನ್ನು ಹರಿದು, 'ಬಿಳೆಹಾಳ: ಸ್ಥಳಾಂತರ ಪೂರ್ಣ' ಎಂದು ಬರೆದು ಸಹಿ ಮಾಡಿದೆ. ದೋಣಿಯನ್ನು ತೋಟದ ವಸತಿಗೆ ಹಾಕಿದೆ.

ಮಾವ ಸುಳ್ಳು ಹೇಳಲಿಲ್ಲ. ಅವನ ಬಾಯಲ್ಲಿ 'ಊರೆಲ್ಲಾ' ಎಂದರೆ ನಿಮ್ಮ ಓಣಿ ಬರುವುದಿಲ್ಲ, ಅಷ್ಟೇ. ಅವನ ಮನೆಯಲ್ಲಿ ಬೆಳೆದವಳು ನಾನು. ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವಳು. ಅವನು ಊರು ಎಂದರೆ ಎಲ್ಲಿಯವರೆಗೆ ಎಂದು ನನಗೆ ತಿಳಿಯದೇ? ಆ ಹೊತ್ತಿನಲ್ಲಿ ಅದು ನನ್ನ ತಲೆಗೆ ಬರಲೇ ಇಲ್ಲ. ಬರಲಿಲ್ಲವಲ್ಲ ಎಂಬುದೇ ನನ್ನನ್ನು ತಿನ್ನುತ್ತದೆ.

ಸುಬೇದಾರರ ಮೇಲಿನ ಸಿಟ್ಟನ್ನು ಇನ್ನು ನನ್ನ ಮೇಲೆ ಹಾಕು.

ಮೀನಾ


ಬೈಲಹೊಂಗಲ
೨೭ ಏಪ್ರಿಲ್ ೨೦೨೫

ಮೀನಾ,

ನಿನ್ನ ಕಾಗದ ಬಂದ ದಿನ ನನಗೆ ಹೆರಿಗೆ ವಾರ್ಡಿನಲ್ಲಿ ಪಾಳಿ. ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಎಂಟು ತಾಸು ದುಡಿದೆ. ಒಂದೂವರೆ ತಿಂಗಳು ಉತ್ತರ ಬರೆಯಲಿಲ್ಲ. 'ನೀವು' ಎಂದು ಬರೆದರೆ ನಿನಗೆ ಬೇಸರವಾಗುತ್ತದೆ ಎಂದು ಅಲ್ಲ, ಬೈಯಬೇಕೆಂದರೆ 'ನೀನು' ಎನ್ನಲೇಬೇಕು, ಅದಕ್ಕೆ ಈಗ ಹಾಗೆ ಬರೆಯುತ್ತಿದ್ದೇನೆ.

ನಾಲ್ವತ್ತೊಂದು ಜನ, ಬಸುರಿ, ಒಂದೇ ದೋಣಿ. ಇಷ್ಟನ್ನು ನೀನು ಅಂದೇ ಬಂದು ಅವ್ವನ ಮುಂದೆ ಹೇಳಿದ್ದರೆ ಅವಳು ನಿನ್ನನ್ನು ಮನೆಯಿಂದ ಹೊರಗೆ ಹಾಕುತ್ತಿರಲಿಲ್ಲ. ಅವಳು ಹೆತ್ತವಳು, ಬೇನೆ ಎಂದರೆ ಏನು ಎಂದು ಅವಳಿಗೆ ಗೊತ್ತು. ಅಪ್ಪ ಸತ್ತ ಮೇಲಿನ ದಿನದ ಶಾಸ್ತ್ರಕ್ಕೆ ನೀನು ಬಂದೆ. ಮೂಲೆಯಲ್ಲಿ ಕುಳಿತು ಅತ್ತೆ. ಅತ್ತು ಎದ್ದುಹೋದೆ. ಅಪ್ಪನ ಸಲುವಾಗಿ ಅಳುತ್ತಿದ್ದಾಳೆ ಎಂದುಕೊಂಡೆವು.

ನೀನು ಹೇಳಿದೆಯಲ್ಲ, ನಾನೂ ಹೇಳುತ್ತೇನೆ. ಇದನ್ನು ಅವ್ವನಿಗೂ ಹೇಳಿಲ್ಲ.

ನಿನಗೆ ಫೋನ್ ಮಾಡುವುದಕ್ಕೆ ಮೊದಲು ಅಪ್ಪನೇ ನನಗೆ ಮಾಡಿದ್ದ. ನೀರು ಆಗ ರಸ್ತೆಯ ಮೇಲೆ ಮೊಣಕಾಲಿನಷ್ಟು. ಓಣಿಯವರು ಬಹಳಷ್ಟು ಜನ ಹಿಂದಿನ ದಿನವೇ ಬಂಧುಗಳ ಊರಿಗೆ ಹೋಗಿದ್ದರು. ಉಳಿದವರು ಹನ್ನೊಂದು ಜನ. ಅಪ್ಪ ಕೇಳಿದ: 'ಸಾಲಿಗಿ ಹೋಗೂಣೇನವ್ವಾ? ಇನ್ನೂ ನಡಕೋಂತ ಹೋಗಾಕ ಬರತೈತಿ. ಬಾಯವ್ವನ್ನ ನಾ ಹೊರತೇನಿ.'

ಅದಕ್ಕೂ ಹತ್ತು ವರ್ಷ ಹಿಂದಿನ ನೆರೆಯಲ್ಲಿ ಶಾಲೆಗೆ ಹೋದಾಗ ನಮ್ಮವರನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಮೂರು ದಿನ. ಕೊಠಡಿಗಳು ಊರಿನವರಿಗೆ. ಇರಚಲು ಹೊಡೆದು ಅವ್ವನಿಗೆ ಜ್ವರ ಬಂದಿತ್ತು. ನಿನ್ನ ಮಾವ ಕೊಡೆ ಹಿಡಿದುಕೊಂಡು ಬಂದು ನೋಡಿ, 'ಏನ ಮಾಡೂದ, ಜಾಗಾ ಸಾಲಂಗಿಲ್ಲ' ಎಂದು ಹೋಗಿದ್ದ. ಅದನ್ನು ಮರೆತು ಅಪ್ಪ ಮತ್ತೆ ಅಲ್ಲಿಗೆ ಹೋಗಲು ತಯಾರಾಗಿದ್ದ. ನಾನು ಮರೆತಿರಲಿಲ್ಲ. ಇಲ್ಲಿ ಬೈಲಹೊಂಗಲದಲ್ಲಿ ಒಣ ನೆಲದ ಮೇಲೆ ನಿಂತುಕೊಂಡು ನಾನೇ ಹೇಳಿದೆ: 'ಯಾಕ ಹೋಗತಿ ಆ ಪಡಸಾಲಿಗಿ? ಮೀನಾ ಅದಾಳ. ಬೋಟ್ ಕಳಸತಾಳ. ಭವನದ ಮಾಳಗಿ ಹತ್ತಿ ಕುಂದರ್ರಿ, ನೀರಾಗ ಇಳೀಬ್ಯಾಡ್ರಿ.'

ಭವನದ ಸ್ಲ್ಯಾಬ್ ಹಾಕಿದ ಗೌಂಡಿ ಅವನೇ. 'ನಾ ಹಾಕಿದ್ದು, ಅದೇನ ಬೀಳಂಗಿಲ್ಲ ಬಿಡು' ಎಂದು ನಕ್ಕ. ಬೀಳಲಿಲ್ಲ. ಇಂದಿಗೂ ನಿಂತಿದೆ. ಆದರೆ ಬಾಯವ್ವಜ್ಜಿಗೆ ಏಣಿ ಹತ್ತಲು ಆಗಲಿಲ್ಲ. ಬೋಟ್ ಬರುತ್ತದೆಯಲ್ಲ, ಅಲ್ಲಿಯವರೆಗೆ ಇರಲಿ ಎಂದು ಒಳಗೆ ಮೇಜಿನ ಮೇಲೆ ಕೂರಿಸಿದ್ದರು. ಮೂರು ಗಂಟೆಗೆ ನೀರು ಒಮ್ಮೆಲೇ ಏರಿತು. ಅವಳನ್ನು ಎತ್ತಿಕೊಂಡು ಬರುತ್ತೇನೆಂದು ಅಪ್ಪ ಕೆಳಗಿಳಿದ. ನೀರು ಬಾಗಿಲು ಕಿತ್ತುಕೊಂಡಿತು, ಇಬ್ಬರೂ ಕೊಚ್ಚಿಹೋದರು.

ಅಂದು ಹತ್ತೂವರೆಗೇ ಅವರು ನಡೆದಿದ್ದರೆ ಎಂದು ನಾನು ದಿನಾ ಅಂದುಕೊಳ್ಳುತ್ತೇನೆ. ನಡೆಯಬೇಡಿ ಎಂದವಳು ನಾನು. ನಿನ್ನ ಹೆಸರು ಹೇಳಿ ಕೂರಿಸಿದೆ.

ಈಗ ಒಂದು ಪ್ರಶ್ನೆ. ನೀನು ಬರೆದದ್ದರಲ್ಲಿ ಒಂದು ಇಲ್ಲ. ದೋಣಿ ನಿಂತಿತ್ತು ಮೀನಾ. ಅವ್ವ ಕಣ್ಣಾರೆ ನೋಡಿದ್ದಾಳೆ. ಎಂಜಿನ್ ಸದ್ದು ಸಣ್ಣದಾಗಿ, ಸ್ವಲ್ಪ ಹೊತ್ತು ಅಲ್ಲೇ ತೇಲುತ್ತ ನಿಂತು, ಆಮೇಲೆ ಹೋಯಿತು. ಚೀಟಿಯಲ್ಲಿ ಬಿಳೆಹಾಳ ಇಲ್ಲವೆಂದರೆ ನಿಲ್ಲದೇ ಹೋಗಬೇಕಿತ್ತು. ನಿಂತದ್ದು ಯಾಕೆ? ನಿಂತವರು ಹೋದದ್ದು ಯಾಕೆ?

ದುರ್ಗಾ


ಸವದತ್ತಿ
೫ ಮೇ ೨೦೨೫

ದುರ್ಗಾ,

ನೀನು ಕೇಳುತ್ತೀ ಎಂದು ಗೊತ್ತಿತ್ತು. ಕೇಳದಿರಲಿ ಎಂದೂ ಅಂದುಕೊಂಡಿದ್ದೆ.

ಕ್ಯಾಪ್ಟನ್ ತಂದಿದ್ದ ದಿನಚರಿಯಲ್ಲಿ ಅದು ಎರಡು ಸಾಲು. ಹನ್ನೊಂದು ಐವತ್ತೆರಡು: ಬಿಳೆಹಾಳದ ಬಳಿ ಮಾಳಿಗೆಯ ಮೇಲೆ ಜನ ಕಾಣುತ್ತಿದ್ದಾರೆ, ನಾಗರಿಕ ಕೊಠಡಿಯನ್ನು ಕೇಳಲಾಯಿತು. ಹನ್ನೊಂದು ಐವತ್ತಾರು: ಮುಂದೆ ಹೋಗಲು ಸೂಚನೆ.

ಸೂಚನೆ ಕೊಟ್ಟವಳು ನಾನು.

ವೈರ್‌ಲೆಸ್ ಸೆಟ್ಟು ನನ್ನ ಮೇಜಿನ ಮೇಲೇ ಇತ್ತು. ಸುಬೇದಾರರು ಹೇಳಿದರು: 'ಮೇಡಂ, ಮಾಳಗಿ ಮ್ಯಾಲ ಮಂದಿ ಕಾಣಾಕ ಹತ್ಯಾರ್ರಿ. ಹತ್ತು ಮಂದಿ ಇರಬೇಕು. ಕೈ ಮಾಡಾಕ ಹತ್ಯಾರ. ಬೋಟ್ ಆ ಕಡೆ ತಗೊಳ್ಳೇನ್ರಿ?'

ನಾನು ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ. 'ಬಿಳೆಹಾಳ ಖಾಲಿ ಆಗೇತ್ರಿ. ಅವರು ಸಾಮಾನ ಕಾಯಾಕ ನಿಂತವರಿರಬೇಕು. ಮೊದಲ ಬಸರಿ ಹೆಣಮಗಳನ್ನ ತರ್ರಿ.'

ಅವರು ಮತ್ತೊಮ್ಮೆ ಕೇಳಿದರು. 'ಖಾತ್ರಿ ಐತೇನ್ರಿ ಮೇಡಂ? ಹೆಣಮಕ್ಕಳೂ ಕಾಣತಾರ.' ನಾನು ಸಿಟ್ಟಿಗೆದ್ದೆ. ಎರಡು ದಿನ ನಿದ್ದೆ ಇರಲಿಲ್ಲ, ಸುತ್ತ ಹತ್ತು ಜನ ಕೂಗುತ್ತಿದ್ದರು. ಅದು ನೆಪವೆಂದು ಗೊತ್ತು, ಆದರೂ ಬರೆಯುತ್ತಿದ್ದೇನೆ. 'ನಮ್ಮ ಮಾವನೇ ಹೇಳ್ಯಾನ್ರೀ, ಖಾತ್ರಿ ಐತಿ, ಹೊತ್ತ ಕಳೀಬ್ಯಾಡ್ರಿ' ಎಂದೆ. ಆ ನಾಲ್ಕು ನಿಮಿಷ ದೋಣಿ ಅಲ್ಲಿ ನಿಂತದ್ದು ನನ್ನ ಉತ್ತರಕ್ಕೆ. ನಿನಗೊಂದು ಫೋನ್ ಹಚ್ಚಿದ್ದರೆ ಸಾಕಿತ್ತು. ಮೊಬೈಲು ಪಕ್ಕದ ಕಿಟಕಿಯಲ್ಲಿ ಚಾರ್ಜಿಗೆ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಆಮೇಲೆ ನೋಡಿದಾಗ ನಿನ್ನವೇ ಹದಿನಾಲ್ಕು ಮಿಸ್ ಕಾಲ್.

ತೋಟದ ವಸತಿಯಿಂದ ಬರುವಾಗ ದೋಣಿಯ ಎಂಜಿನ್ ಕೆಟ್ಟಿತು. ಅದಕ್ಕೇ ಐದು ಗಂಟೆಯಾಯಿತು. ಆ ಹೊತ್ತಿಗೆ ನಿಮ್ಮ ಕಡೆ ಹೋಗಿ ಎಂದು ನಾನು ಹೇಳಿರಲಿಲ್ಲ, ಅವರಾಗಿಯೇ ಬಂದರು.

ವರದಿ ಬರೆಯುವಾಗ ಬಿಳೆಹಾಳದ ಸಾಲು ಹೇಗೆ ಬರೆಯಬೇಕೆಂದು ನನಗೇ ಬಿಟ್ಟಿದ್ದರು. 'ಸೆಳವು ಹೆಚ್ಚಿದ್ದರಿಂದ ದೋಣಿ ತಲುಪಲಿಲ್ಲ' ಎಂದು ಬರೆದೆ. ಯಾರ ಹೆಸರೂ ಇಲ್ಲದ ವಾಕ್ಯ, ಯಾರಿಗೂ ತೊಂದರೆಯಿಲ್ಲ ಎಂದುಕೊಂಡೆ. ದೋಣಿಯಲ್ಲಿ ಒಬ್ಬ ಮನುಷ್ಯ ಇದ್ದ, ಅವನಿಗೆ ಊರು ಮನೆ ಇದ್ದವು ಎಂಬುದು ಮರೆತಿತ್ತು. ಆಮೇಲೆ ಜನ ಅವರನ್ನು ಹೇಡಿ ಎಂದಾಗ ತಿದ್ದಬಹುದಿತ್ತು. ಒಂದು ವರ್ಷ ಕಳೆಯಿತು, ಎರಡಾಯಿತು. ತಡವಾದಷ್ಟೂ ಬಾಯಿ ಕಟ್ಟಿಹೋಯಿತು.

ಮೊನ್ನೆ ಶುಕ್ರವಾರ ಇದೆಲ್ಲವನ್ನೂ ಬರೆದು ಮೇಲಿನವರಿಗೆ ಕೊಟ್ಟಿದ್ದೇನೆ. ಕ್ಯಾಪ್ಟನ್ ಅವರಿಗೂ ಪ್ರತಿ ಕಳಿಸಿದ್ದೇನೆ. ಸುಬೇದಾರರು ನಿವೃತ್ತರಾಗಿ ಎಂ.ಕೆ. ಹುಬ್ಬಳ್ಳಿಯಲ್ಲಿ ಇದ್ದಾರಂತೆ, ಅವರಿಗೆ ಬೇರೆ ಬರೆದಿದ್ದೇನೆ.

ನೀನು ಶಟ್ಟೆಪ್ಪ ಕಾಕಾನಿಗೆ ಹೇಳಿದ್ದು ತಪ್ಪಲ್ಲ ದುರ್ಗಾ. ದೋಣಿ ಕಳಿಸುತ್ತೇನೆ ಎಂದು ಆಮೇಲೆ ನಾನೂ ಹೇಳಿದ್ದೆ. ನೀನು ಹೇಳಿದ ಮಾತು ನಿಜವೇ ಇತ್ತು, ನಾನು ಅದನ್ನು ಸುಳ್ಳು ಮಾಡಿದೆ.

ಮೀನಾ


ಎಂ.ಕೆ. ಹುಬ್ಬಳ್ಳಿ
೨ ಜೂನ್ ೨೦೨೫

ಮೀನಾ ಮೇಡಂ ಅವರಿಗೆ,

ನಮಸ್ಕಾರ. ತಮ್ಮ ಪತ್ರ ತಲುಪಿತು. ಎರಡು ಸಲ ಓದಿದೆ. ನಾನು ಹತ್ತನೇ ಇಯತ್ತೆಯವರೆಗೆ ಕನ್ನಡ ಕಲಿತವನು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಬೇಕು.

ತಾವು ಕ್ಷಮೆ ಕೇಳಿದ್ದೀರಿ. ಕೊಡುವುದು ನನಗೆ ಬಾರದು. ಸತ್ತವರು ನನ್ನವರಲ್ಲ. ಅವರ ಮನೆಯವರನ್ನು ಕೇಳಬೇಕು.

ನನ್ನ ಪಾಲಿನದು ಇಷ್ಟು. ನನ್ನ ಹೆಂಡತಿಯ ತವರು ರಾಮದುರ್ಗದ ಕಡೆ. ನೆರೆಯಾದ ಮರುವರ್ಷ ತಮ್ಮನ ಮದುವೆಗೆ ಹೋದಳು. ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳು 'ಹೊಳ್ಳಿ ಹ್ವಾದ ಸುಬೇದಾರನ ಹೇಣ್ತಿ ಈಕೀನ' ಎಂದು ಎದ್ದು ಬೇರೆ ಕಡೆ ಕುಳಿತಳಂತೆ. ಅಂದಿನಿಂದ ತವರಿಗೆ ಹೋಗಿಲ್ಲ. ಅವಳ ತಾಯಿ ತೀರಿಕೊಂಡಾಗ ನಾನೊಬ್ಬನೇ ಹೋಗಿ ಬಂದೆ.

ಸರ್ವಿಸಿನಲ್ಲಿ ಇದ್ದಾಗ ಬಾಯಿ ಬಿಡುವ ಹಾಗಿರಲಿಲ್ಲ. ಹೊರಗೆ ಬಂದ ಮೇಲೆ ಹೇಳಿದರೆ ಯಾರು ನಂಬುತ್ತಾರೆ? ತಪ್ಪಿಸಿಕೊಳ್ಳಲು ಹೇಳುತ್ತಾನೆ ಎನ್ನುತ್ತಾರೆ. ಅದಕ್ಕೆ ಸುಮ್ಮನಿದ್ದೆ. ತೋಟದ ವಸತಿಯ ಹೆಣ್ಣುಮಗಳಿಗೆ ದೋಣಿಯಲ್ಲೇ ಹೆರಿಗೆಯಾಯಿತು. ಗಂಡು ಕೂಸು. ನನ್ನ ರೇನ್‌ಕೋಟಿನಲ್ಲಿ ಸುತ್ತಿ ತಂದೆವು. ಅದನ್ನು ಒಬ್ಬರೂ ಕೇಳಲಿಲ್ಲ.

ತಮ್ಮ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. 'ಈಗ ಬರದ್ರ ನಮ್ಮವ್ವ ಬರತಾಳೇನ?' ಎಂದು ಒಳಗೆ ಹೋದಳು.

ತಾವು ಮೇಲಿನವರಿಗೆ ನಿಜ ಬರೆದುಕೊಟ್ಟದ್ದು ಒಳ್ಳೆಯದಾಯಿತು. ಆದರೆ ಮೇಡಂ, ಅಂದು ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲಿಲ್ಲ. ಆಜ್ಞೆ ಬಂತು, ಹೋದೆ. ಅದು ನನ್ನ ಜೊತೆ ಇರುತ್ತದೆ. ಅದನ್ನು ತಾವು ತೆಗೆದುಕೊಳ್ಳಲು ಬರುವುದಿಲ್ಲ.

ತಮ್ಮ ವಿಶ್ವಾಸಿ,
ಶ್ರೀಶೈಲ
ನಿವೃತ್ತ ಸುಬೇದಾರ


ಸವದತ್ತಿ
೨೧ ಜೂನ್ ೨೦೨೫

ದುರ್ಗಾ,

ಸುಬೇದಾರರ ಪತ್ರದ ನಕಲನ್ನು ಇದರೊಳಗೆ ಇಟ್ಟಿದ್ದೇನೆ. ಕೇಳಿಯೇ ಕಳಿಸುತ್ತಿದ್ದೇನೆ.

ತಾಲೀಮಿನ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ವಿಚಾರಣೆ ಮುಗಿಯುವವರೆಗೆ ಕಚೇರಿಯಲ್ಲಿ ಬೇರೆ ಕೆಲಸ. ಇದು ಸರಿಯೇ. ನನ್ನ ಜಾಗಕ್ಕೆ ಬಂದವರಿಗೆ ಎಲ್ಲ ಹಾಳೆಗಳನ್ನು ಒಪ್ಪಿಸಿದ್ದೇನೆ. ಹಳ್ಳದಾಚೆಯ ಓಣಿಗೆ ಸಂಪರ್ಕ ವ್ಯಕ್ತಿ ಎಂದು ನಿನ್ನ ಹೆಸರು, ನಂಬರು ಬರೆದಿದ್ದೇನೆ. ನಿನ್ನನ್ನು ಕೇಳದೇ ಬರೆದೆ. ಬೇಡವೆಂದರೆ ತೆಗೆಸು. ಓಣಿ ಖಾಲಿಯಾಗಿದೆ ಎಂದು ನೀನು ಹೇಳುವವರೆಗೆ ಯಾರೂ ಹಾಗೆಂದು ಬರೆಯಬಾರದು ಎಂದು ಕ್ಯಾಪ್ಟನ್ ತಾವಾಗಿಯೇ ನಿಯಮ ಮಾಡಿದ್ದಾರೆ.

ಮಾವನ ಮನೆಗೆ ಹೋಗಿ ಅಂದಿನ ಫೋನಿನ ವಿಷಯ ಕೇಳಿದೆ. 'ನಾ ಊರಿನ ಸುದ್ದಿ ಹೇಳಿದ್ದೆ ತಂಗೀ' ಎಂದ. 'ಓಣಿ?' ಎಂದೆ.  'ಅದನ್ನ ಯಾರೂ ಕೇಳಲಿಲ್ಲಲ್ಲ' ಎಂದ. ಊಟ ಮಾಡದೇ ಬಂದೆ.

ಮೀನಾ


ಬಿಳೆಹಾಳ
೨೪ ಆಗಸ್ಟ್ ೨೦೨೫

ಮೀನಾ,

ಓಣಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನ ನಾಲ್ಕು ಕಾಗದಗಳನ್ನೂ ಸುಬೇದಾರರದ್ದನ್ನೂ ಅವ್ವನಿಗೆ ಓದಿ ಹೇಳಿದೆ. ನಾನು ಅಪ್ಪನಿಗೆ ಏನು ಹೇಳಿದ್ದೆ ಎಂಬುದನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. 'ಗೊತ್ತೈತಿ, ಅಂವಾ ಫೋನ್ ಇಟ್ಟ ಮ್ಯಾಲ ನನಗ ಹೇಳಿದ್ದ' ಎಂದಳು. ಸುಮಾರು ಆರು ವರ್ಷ ನಾನು ಮುಚ್ಚಿಟ್ಟುಕೊಂಡು ತಿರುಗಿದ್ದು ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಮಾರನೆಯ ವಾರ 'ಆ ಮಿಲ್ಟ್ರಿ ಮನಿಶ್ಯಾನ ಮನಿಗಿ ಕರಕೊಂಡು ಹೋಗ' ಎಂದು ಹಟ ಹಿಡಿದಳು. ಬೈಲಹೊಂಗಲಕ್ಕೆ ಬಂದು ಅಲ್ಲಿಂದ ಬಸ್ಸಿಗೆ ಹೋದೆವು. ಬಾಗಿಲು ತೆಗೆದವಳು ಅವರ ಹೆಂಡತಿ. ಬಿಳೆಹಾಳದವರು ಎಂದ ಕೂಡಲೇ ಬಾಗಿಲಿಗೆ ಹಿಡಿದ ಕೈ ಹಾಗೇ ನಿಂತಿತು. ಅವ್ವ ಹೇಳಿದಳು: 'ಬೈಯಾಕ ಬಂದಿಲ್ಲವ್ವಾ. ಬೈದದ್ದು ಹೊಳ್ಳಿ ತಗೊಂಡು ಹೋಗಾಕ ಬಂದೇವಿ.'

ಒಳಗೆ ಕರೆದರು. ಸುಬೇದಾರರು ದಪ್ಪ ಕನ್ನಡಕದ, ಸಣ್ಣ ದನಿಯ ಮನುಷ್ಯ. ಇವರನ್ನೇ ಇಷ್ಟು ವರ್ಷ ಶಪಿಸಿದೆನೇ ಎನ್ನಿಸಿತು. 'ಕುಂದರ್ರಿ' ಎಂದರು, ತಾವು ಮಾತ್ರ ಕೂರಲಿಲ್ಲ. ಚಹಾ ಬಂತು.  ಅವ್ವನೇ ಮೊದಲು ಕೇಳಿದಳು.

'ನೀವು ಬೋಟ್ ನಿಂದ್ರಿಸಿದ್ರಲ್ಲಾ. ಆವಾಗ ನಮ್ಮನಿಯವರು ನಿಮಗ ಕಂಡಿದ್ರೇನ್ರಿ?'

'ಕಂಡಿದ್ರವ್ವಾ. ರುಮಾಲ ಬಿಚ್ಚಿ ಬೀಸಾಕ ಹತ್ತಿದ್ರು. ನಾವು ಬೋಟ್ ತಿರಿವಿದ ಮ್ಯಾಲ ಬೀಸೂದ ಬಿಟ್ರು. ಹಿಂಗ ಕೈ ಮಾಡಿದ್ರು' ಎಂದು ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ ತೋರಿಸಿದರು. 'ಹೋಗ್ರಿ, ಹೋಗಿ ಬರ್ರಿ ಅಂದಂಗ.'

ಅವ್ವ ಅಪ್ಪನ ಬೆನ್ನ ಹಿಂದೆ ನಿಂತಿದ್ದವಳು. ಅವಳು ಅದನ್ನು ಕಂಡಿರಲಿಲ್ಲ. 'ಹೌದು. ಹೊಳ್ಳಿ ಬರತಾರ ಅಂತ ತಿಳಕೊಂಡಿರಬೇಕು' ಎಂದಳು. ಆಮೇಲೆ ತಣ್ಣಗಾದ ಚಹಾ ಕುಡಿದಳು. ಅವರ ಹೆಂಡತಿ ಬಸ್ ನಿಲ್ದಾಣದವರೆ‌ಗೆ ಬಂದಳು. ದಾರಿಯುದ್ದಕ್ಕೂ ಅವ್ವ ಅವಳ ಕೈ ಹಿಡಿದುಕೊಂಡೇ ಇದ್ದಳು. 'ತವರಿಗಿ ಹೋಗ್ತಾ ಬರ್ತಾ ಇರ ಮಗಳ, ಯಾರರೇ ಏನರೇ ಅಂದ್ರ ನನ್ನ ಹೆಸರ ಹೇಳ' ಎಂದಳು.

ನಿನ್ನ ವಿಷಯ ಬಸ್ಸಿನಲ್ಲಿ ಕೇಳಿದೆ. 'ಮೀನಾಗ ಏನು ಹೇಳಲಿ?' ಅವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. 'ನನಗ ಈಗೇನೂ ಅನ್ನಾಕ ಬರವಲ್ದು' ಎಂದಳು. ನನಗೂ ಹಾಗೆಯೇ. ಕ್ಷಮಿಸಿದ್ದೇನೆ ಎಂದು ಬರೆಯಬೇಕೆಂದು ಎರಡು ಸಲ ಕುಳಿತೆ, ಕೈ ಓಡಲಿಲ್ಲ. ಫೋನಿನಲ್ಲಿ ನಿನ್ನ ನಂಬರಿಗೆ ಹಾಕಿದ್ದ ಬ್ಲಾಕ್ ತೆಗೆದಿದ್ದೇನೆ. ಸದ್ಯಕ್ಕೆ ಮಾಡಬೇಡ.

ಇನ್ನು ಮೊನ್ನೆಯ ಸುದ್ದಿ. ಬುಧವಾರ ಹೊಳೆ ಏರಿತು. ಬೆಳಿಗ್ಗೆ ಏಳಕ್ಕೇ ನಿನ್ನ ಜಾಗದಲ್ಲಿರುವವರ ಫೋನ್ ಬಂತು. ನಾನು ಹಿಂದಿನ ರಾತ್ರಿಯೇ ಊರಿಗೆ ಬಂದಿದ್ದೆ. ಓಣಿಗೆ ಪ್ರತ್ಯೇಕ ದೋಣಿ ಹೊರಟಿದೆ, ಒಂದೂವರೆ ತಾಸಿನಲ್ಲಿ ಬರುತ್ತದೆ ಎಂದರು. ಒಳ್ಳೆಯ ಮಾತು, ಎಲ್ಲವೂ ಕಾಗದದಲ್ಲಿ ಇದ್ದ ಹಾಗೆಯೇ ನಡೆಯಿತು. ನಾನು ಬಂದು ಹೇಳಿದರೆ ಅವ್ವ ಆಗಲೇ ಗಂಟು ಕಟ್ಟಿಕೊಂಡು ನಿಂತಿದ್ದಳು. 'ಬೋಟಿನ ಹಾದಿ ಕಾಯಾಂವರು ಕಾಯ್ರಿ. ನಾ ನಡೀತೇನಿ' ಎಂದಳು. ಅವಳ ಹಿಂದೆ ಎಲ್ಲರೂ ಹೊರಟರು. ತಾಯವ್ವನನ್ನು ಹೆಸರು ಹಿಡಿದು ಕರೆದು ಎತ್ತಿಕೊಂಡರು. ಲಕ್ಕಪ್ಪನನ್ನು ಇಬ್ಬರು ಹೊತ್ತರು. ಪದ್ಮವ್ವನ ಒಂದು ಕೂಸು ನನ್ನ ಹೆಗಲ ಮೇಲೆ. ರಸ್ತೆಯ ಮೇಲೆ ನೀರು ಪಾದ ಮುಳುಗುವಷ್ಟಿತ್ತು.

ಶಾಲೆಯ ಮೆಟ್ಟಿಲ ಮೇಲೆ ನಿನ್ನ ಮಾವ ಕೋಲು ಹಿಡಿದು ನಿಂತಿದ್ದ. ಬಹಳ ಇಳಿದುಹೋಗಿದ್ದಾನೆ. ಎರಡು ಕೊಠಡಿಗಳ ಬಾಗಿಲು ತೆಗೆಸಿಟ್ಟಿದ್ದ. 'ಒಳಗ ಬರ್ರಿ, ಒಳಗ ಬರ್ರಿ' ಎನ್ನುತ್ತ ಅವ್ವನ ಗಂಟಿಗೆ ಕೈ ಹಾಕಿದ. ಅವ್ವ ಕೊಡಲಿಲ್ಲ. 'ಇರಲಿ ಬಿಡ್ರಿ, ನನ್ನದು ನಾ ಹೊರತೇನಿ' ಎಂದು ಒಳಗೆ ಹೋಗಿ ಕುಳಿತಳು. ನೀರು ಓಣಿಗೆ ಹತ್ತಲಿಲ್ಲ, ಸಂಜೆ ತಿರುಗಿ ಬಂದೆವು.

ಶಾಲೆ ಮುಟ್ಟಿದ ಮೇಲೆ ಗಡಿಯಾರ ನೋಡಿಕೊಂಡಿದ್ದೆ. ಮುದುಕರು, ಕೂಸುಗಳು, ಹೊತ್ತವರು, ನಡುವೆ ಎರಡು ಕಡೆ ನಿಂತದ್ದು, ಎಲ್ಲ ಸೇರಿ ಇಪ್ಪತ್ತೆರಡು ನಿಮಿಷ. ಅಷ್ಟೇ ದಾರಿ ಇತ್ತು, ಮೀನಾ. ಅಲ್ಲೇ ಕಂಬಕ್ಕೆ ಒರಗಿಕೊಂಡು ನಿಂತೆ. ಇದನ್ನು ಯಾರಿಗಾದರೂ ಹೇಳಬೇಕೆನ್ನಿಸಿತು. ಸುತ್ತ ನೂರೈವತ್ತು ಜನ ನಮ್ಮವರೇ ಇದ್ದರು. ನಿನ್ನನ್ನು ಬಿಟ್ಟು ಯಾರಿಗೂ ಹೇಳಲು ಬರುವಂತಿರಲಿಲ್ಲ.

ದುರ್ಗಾ